ನನ್ನನ್ನು ನಿರ್ದೇಶಕನನ್ನಾಗಿಸಿದ ಮೊದಲ ದೃಶ್ಯ

ವೇದಿಕೆ ಹತ್ತಿ ಮೈಕ್ ಹಿಡಿಯಲು ನನಗೆ ಕಿಂಚಿತ್ತೂ ಭಯವಿರಲಿಲ್ಲ ಎಂಬುದನ್ನು ಮೊದಲೇ ದಾಖಲಿಸಿಬಿಡುತ್ತೇನೆ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷಕ. ಬೇರೆಯವರ ತಪ್ಪು ಹುಡುಕುವುದೇ ನನ್ನ ಅನ್ನ. ಭಾನುವಾರಗಳಲ್ಲಿ ಕೂತು ಮೊಬೈಲಿನಲ್ಲೇ ಹದಿನಾಲ್ಕು ನಿಮಿಷದ ಕಿರುಚಿತ್ರವೊಂದನ್ನು ತೆಗೆದಿದ್ದೆ. ಅದನ್ನು ನೋಡಿದ ನಗರದ ಚಿತ್ರಾಸಕ್ತರ ಬಳಗವೊಂದು, ನಿರ್ದೇಶಕರು ತಮಗೆ ಸ್ಫೂರ್ತಿಯಾದ ಸಿನಿಮಾದ ಬಗ್ಗೆ ಮಾತಾಡುವ ಗೋಷ್ಠಿಗೆ ನನ್ನನ್ನೂ ಕರೆಯಿತು. ಜೊತೆಗೆ ಒಬ್ಬ ಹಿರಿಯ ನಿರ್ದೇಶಕಿ. ಅವರ ಪಕ್ಕದ ಕುರ್ಚಿ ನನ್ನದು!

“ಏನ್ ಮಾತಾಡ್ತೀರ, ಒಂದ್ಸಲ ನನ್ ಮುಂದೆ ಹೇಳಿ ನೋಡೋಣ” ಎಂದಳು ಹೆಂಡತಿ ಸುಧಾ.

“ಪೂರ್ವಾಭ್ಯಾಸ ಎಲ್ಲ ಹೊಸಬರಿಗೆ ಕಣೇ” ಎಂದೆ.

ಇಲವಾಲದಿಂದ ನಾಗರತ್ನಕ್ಕನನ್ನೂ ಕರೆಸಿದೆ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ರವಿಕೆ ಹೊಲಿಯುತ್ತಾಳೆ. ತಮ್ಮನ ವೈಭವ ನೋಡಲಿ ಎಂದು ಮುಂದಿನ ಸಾಲಿನಲ್ಲೇ ಕೂರಿಸಿದೆ.

ನನ್ನ ಸರದಿ ಬಂತು. ಆರನೇ ವಯಸ್ಸಿನಲ್ಲಿ ನೋಡಿದ ಚಿತ್ರವೊಂದರ ಹೆಸರು ಹೇಳಿದೆ. ಇಲ್ಲಿ ಹೇಳುವುದಿಲ್ಲ, ಅಂದು ಹೋದ ಮಾನವೇ ಸಾಕು.

“ಅದರ ಮೊದಲ ದೃಶ್ಯವೇ ನನ್ನನ್ನು ನಿರ್ದೇಶಕನನ್ನಾಗಿಸಿತು! ಅಂಚೆಯಣ್ಣ ಸೈಕಲ್ಲಿಂದ ಬೀಳ್ತಾನೆ. ಕಾಗದಗಳೆಲ್ಲ ಗಾಳಿಗೆ ಹಾರ್ತವೆ. ಒಂದು ಕಾಗದ ಹೋಗಿ ಎತ್ತಿನ ಕೊಂಬಿಗೆ ಚುಚ್ಚಿಕೊಳ್ಳುತ್ತೆ. ಎತ್ತು ಅದನ್ನ ಹೊತ್ಕೊಂಡು ಊರೆಲ್ಲ ಸುತ್ತುತ್ತೆ. ನಮಗೇ ಬಂದಿದೆಯೇನೋ ಅಂತ ಮನೆಮನೆಯವರೂ ಹಿಂದೆ ಓಡ್ತಾರೆ! ನನ್ನ ಚಿತ್ರ ಶುರುವಾಗೋದೂ ಅದೇ ದೃಶ್ಯದಿಂದ. ಅದು ನಕಲಲ್ಲ. ಆ ಮಹಾನ್ ಚಿತ್ರಕ್ಕೆ ನನ್ನ ನಮನ!”

ಜೋರು ಚಪ್ಪಾಳೆ. ವಿನಯದಿಂದ ಕೈಮುಗಿದೆ.

ಹಿರಿಯ ನಿರ್ದೇಶಕಿ ಮಾತ್ರ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. “ಆ ಚಿತ್ರಕ್ಕೆ ನಾನು ಸಹಾಯಕ ನಿರ್ದೇಶಕಿಯಾಗಿದ್ದೆ ಸಾರ್. ಅದು ಶುರುವಾಗೋದು ಕೋರ್ಟಿನಲ್ಲಿ. ಇಡೀ ಚಿತ್ರದಲ್ಲಿ ಎತ್ತೇ ಇಲ್ಲ!”

ಅಲ್ಲಿಗೆ ಸುಮ್ಮನಾಗಿದ್ದರೆ ಬದುಕುತ್ತಿದ್ದೆ. “ಇದೆ ಮೇಡಂ, ಕಣ್ಣಾರೆ ನೋಡಿದ್ದೀನಿ” ಎಂದೆ. ಸಾಲದು ಎಂಬಂತೆ, “ವಯಸ್ಸಾಯ್ತಲ್ಲ, ನಿಮಗೆ ಮರೆತಿರಬೇಕು” ಎಂದೂ ಸೇರಿಸಿದೆ!

ಮುಂದಿನ ಸಾಲಿನಿಂದ ಅಕ್ಕ ಎದ್ದಳು. ಅವಳಿಗೆ ಮೈಕ್ ಬೇಕಾಗಲಿಲ್ಲ.

“ಲೋ ಪುಟ್ಟ, ಸಾಕು ಬುಡೋ! ಅದು ನಾನ್ ಹೇಳಿದ್ ಕಥೆ ಕಣೋ! ನಮ್ ಸೋದರಮಾವ ಟಾಕೀಸಲ್ಲಿ ಗೇಟ್‌ಕೀಪರ್ ಆಗಿದ್ರು ಕಣ್ರೀ. ಇಂಟರ್ವಲ್ ಆದ್ಮೇಲೆ ನಮ್ಮಿಬ್ರನ್ನ ಟಿಕೆಟ್ ಇಲ್ದೆ ಒಳಕ್ಕೆ ಬುಟ್ಬುಡೋರು. ಇವ್ನು ‘ಮುಂಚೆ ಏನಾಯ್ತು, ಮುಂಚೆ ಏನಾಯ್ತು’ ಅಂತ ಅಳೋನು. ಅದ್ಕೇ ಮನೆಗ್ ಹೋಗೋ ದಾರೀಲಿ ಮೊದಲರ್ಧ ನಾನೇ ಬಾಯಿಗ್ ಬಂದಂಗೆ ಕಟ್ತಿದ್ದೆ. ಇವ್ನು ಅದ್ನ ಸಿನಿಮಾದಲ್ಲೇ ನೋಡಿದ್ದೀನಿ ಅನ್ಕೊಂಡ್ಬುಟ್ಟವ್ನೆ!”

ಜನ ಬಿದ್ದುಬಿದ್ದು ನಕ್ಕರು. ಅಕ್ಕನ ಕೈ ಹಿಡಿದು ನಡೆದ ಆ ದಾರಿ, ಕೊಂಬು ತೋರಿಸಲು ಅವಳು ತಲೆಯ ಮೇಲೆ ಎತ್ತುತ್ತಿದ್ದ ಎರಡು ಬೆರಳು, ಎಲ್ಲವೂ ನನಗೆ ಆಗ ನೆನಪಾದವು!

ನಿರ್ದೇಶಕಿ ಎದ್ದುಹೋಗಿ ಅಕ್ಕನನ್ನು ವೇದಿಕೆಗೆ ಕರೆತಂದರು. “ನಮ್ಮ ಕೋರ್ಟಿಗಿಂತ ನಿಮ್ಮ ಎತ್ತೇ ವಾಸಿ ಕಣಮ್ಮ. ಇನ್ಯಾವ್ಯಾವ ಸಿನಿಮಾಕ್ಕೆ ಮೊದಲರ್ಧ ಕಟ್ಟಿದ್ದೀರಿ?”

ಅಕ್ಕ ಒಂದಾದ ಮೇಲೊಂದು ನಾಲ್ಕು ಹೇಳಿದಳು. ಹೊತ್ತು ಮೀರಿದರೂ ಒಬ್ಬರೂ ಏಳಲಿಲ್ಲ. ಕೊನೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು. ನನ್ನ ಕುರ್ಚಿಯೂ ಮೈಕೂ ಅವಳಿಗೆ ಹೋಗಿದ್ದವು. ನನ್ನ ಎರಡೂ ಕೈ ಖಾಲಿಯಿದ್ದವು!

ಮನೆಗೆ ಮರಳುವಾಗ ಆಟೋದಲ್ಲಿ ಗಂಭೀರವಾಗಿ ಹೇಳಿದೆ: “ಅಕ್ಕ, ನನ್ನ ಚಿತ್ರದಲ್ಲಿ ಕಥೆ ಅಂತ ನಿನ್ನ ಹೆಸರು ಹಾಕ್ತೀನಿ.”

“ಮೊದಲ್ನೇ ಎರಡು ನಿಮಿಷಕ್ಕೆ ಮಾತ್ರ ಹಾಕು” ಎಂದಳು ಅಕ್ಕ. “ಉಳಿದ ಹನ್ನೆರಡು ನಿಮಿಷಕ್ಕೆ ಜನ ಬಯ್ದ್ರೆ ನಾನ್ಯಾಕೋ ಕೇಳುಸ್ಕೊಳ್ಳಲಿ?”