ಮೇರಿಯನ್ ಹ್ಯಾಡ್ಲಿಯ ಹುಟ್ಟುಹಬ್ಬ

ಎಲ್ಲಕ್ಕೂ ಮೂಲ ಅಲೀಮ್ ಅವರ ಮೇಜಿನ ಫೋನಿನಲ್ಲಿ ಮಿಣುಕಿದ ಕೆಂಪು ದೀಪ. ಆ ಶುಕ್ರವಾರ ಮಧ್ಯಾಹ್ನ ಅವರು ಗೋದಾಮಿನ ಕಡೆ ಹೋಗಿದ್ದರು. ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಆ ಕಾರ್ಗೋ ಆಫೀಸಿನಲ್ಲಿ ಅವರಿಗೆಂದು ಯಾರಾದರೂ ಫೋನ್ ಮಾಡಿ ಸಂದೇಶ ಬಿಟ್ಟದ್ದನ್ನು ಕಂಡವರೇ ಇರಲಿಲ್ಲ. ಏನೋ ತುರ್ತು ಇರಬೇಕೆಂದು ಪಕ್ಕದ ಮೇಜಿನ ನೀಲಗಂಗಾ ಗುಂಡಿ ಒತ್ತಿದರು. ಸ್ಪೀಕರಿನಲ್ಲಿ ಅಮೆರಿಕನ್ ಅಜ್ಜಿಯೊಬ್ಬಳ ನಡುಗುವ ದನಿ ಇಡೀ ಆಫೀಸಿಗೆ ಕೇಳಿಸಿತು. ತಾನು ಮಿಶಿಗನ್ನಿನ ನಾರ್ತ್‌ವಿಲ್‌ನಿಂದ ಡೋರಿಸ್, ಕಾಗದ ತಲುಪಿದೆ, ಮೇರಿಯನ್ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡವರು ಒಬ್ಬರಾದರೂ ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂತು, ನಾಳೆ ಮೇರಿಯನ್ ಹುಟ್ಟುಹಬ್ಬ, ಎರಡು ಗಂಟೆಗೆ ಬನ್ನಿ, ಮೇರಿಯನ್ ಬಗ್ಗೆ ನಾಲ್ಕು ಮಾತಾಡಿ, ಮನೆಯವರೆಲ್ಲ ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾರೆ. ಇಷ್ಟು ಹೇಳಿ, ವಿಳಾಸ ಕೊಟ್ಟು ಅಜ್ಜಿ ಫೋನಿಟ್ಟಳು.

ಆಫೀಸಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಹೆಣ್ಣಿನ ಹೆಸರಿನಂತೆ ಕೇಳಿಸುವ ಈ ಮೇರಿಯನ್ ಗಂಡಸು. ಅಲ್ಲದೆ ತೀರಿಕೊಂಡು ಐವತ್ತನಾಲ್ಕು ವರ್ಷವಾಗಿತ್ತು.

ಮೇರಿಯನ್ ಹ್ಯಾಡ್ಲಿ 1902ರಲ್ಲಿ ಡೆಟ್ರಾಯಿಟ್‌ನ ನಾಟಕ ಕಂಪನಿಯೊಂದನ್ನು ಸೇರಿದ. ಶಿಕಾಗೋದ ರಂಗಮಂದಿರಗಳಲ್ಲಿ ಇಪ್ಪತ್ತು ವರ್ಷ ಮುದುಕರ ಪಾರ್ಟು ಮಾಡಿ, ತಾನೇ ಮುದುಕನಾಗುವ ಹೊತ್ತಿಗೆ ಸಿನಿಮಾಕ್ಕೆ ಹೋದ. ನೂರಾ ಹನ್ನೊಂದು ಸಿನಿಮಾ ಮಾಡಿದ. ಒಂದರಲ್ಲೂ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆರೆಯ ಮೇಲೆ ಉಳಿಯಲಿಲ್ಲ. ಹೋಟೆಲಿನ ಗುಮಾಸ್ತರಲ್ಲೊಬ್ಬ, ಕೋರ್ಟಿನ ವಕೀಲರಲ್ಲೊಬ್ಬ, ನಾಯಕಿಗೆ ಜ್ವರ ಬಂದಾಗ ಸುಮ್ಮನೆ ತಲೆಯಾಡಿಸುವ ಇಬ್ಬರು ಡಾಕ್ಟರಲ್ಲೊಬ್ಬ, ಇಂಥವೇ.

ಚನ್ನಪಟ್ಟಣದಿಂದ ಬಂದು ಹದಿನೆಂಟು ವರ್ಷವಾಗಿದ್ದ ಅಲೀಮ್ ಅವನಿಗೆ ಅಂಟಿಕೊಂಡದ್ದು ಹೆಂಡತಿ ಬದ್ರುನ್ನೀಸಾ ತೀರಿಹೋದ ಮೇಲೆ. ಮನೆಯಲ್ಲಿ ಏನಾದರೂ ಸದ್ದಿರಲಿ ಎಂದು ಟೀವಿ ಹಾಕಿಡುತ್ತಿದ್ದರು. ಒಂದು ಭಾನುವಾರ ಯಾವುದೋ ಕಪ್ಪು-ಬಿಳುಪು ಸಿನಿಮಾದಲ್ಲಿ ನಾಯಕ ನಾಯಕಿ ರೈಲು ಹತ್ತಿ ಹೋದರು. ಪ್ಲಾಟ್‌ಫಾರಂ ಮೇಲೆ ಉದ್ದ ಮುಖದ, ಜೋತ ಕಿವಿಗಳ ರೈಲ್ವೆ ನೌಕರನೊಬ್ಬ ರೈಲು ಮರೆಯಾದ ಮೇಲೂ ಅದೇ ದಿಕ್ಕು ನೋಡುತ್ತ ನಿಂತಿದ್ದ. ಹಾಗೆ ನಿಲ್ಲು ಎಂದು ಯಾರೂ ಅವನಿಗೆ ಹೇಳಿರಲಾರರು ಅನ್ನಿಸಿತು ಅಲೀಮ್‌ಗೆ. ಕೊನೆಯ ಪಟ್ಟಿಯಲ್ಲಿ 'ರೈಲ್ವೆ ನೌಕರ: ಮೇರಿಯನ್ ಹ್ಯಾಡ್ಲಿ' ಎಂದಿತ್ತು. ಲೈಬ್ರರಿಯಲ್ಲಿ ಪುಸ್ತಕ ಹುಡುಕಿ ಅವನ ಸಿನಿಮಾಗಳ ಹೆಸರು ಬರೆದುಕೊಂಡರು. ಯಾವುದನ್ನು ನೋಡಿದರೂ ಒಂದು ಮೂಲೆಯಲ್ಲಿ ಆ ಉದ್ದ ಮುಖ ಇದ್ದೇ ಇರುತ್ತಿತ್ತು. ಪರದೇಶದ ಸಂತೆಯಲ್ಲಿ ತಮ್ಮೂರಿನವನು ಸಿಕ್ಕಷ್ಟು ಖುಷಿಯಾಗುತ್ತಿತ್ತು. ಎರಡು ವರ್ಷದಲ್ಲಿ ಇಪ್ಪತ್ತೊಂಬತ್ತು ಸಿನಿಮಾ ನೋಡಿದರು. ಕೊನೆಗೆ, ಇವನ ಕಡೆಯವರು ಯಾರಾದರೂ ಉಳಿದಿದ್ದಾರೆಯೇ ಎಂದು ಅವನ ಹುಟ್ಟೂರಿನ ಪತ್ರಿಕೆಗೆ ಒಂದು ಕಾಗದ ಬರೆದು, ಕೆಳಗೆ ಆಫೀಸಿನ ಫೋನ್ ನಂಬರು ಹಾಕಿದರು.

ಗೋದಾಮಿನಿಂದ ವಾಪಸಾದಾಗ ಅವರ ಮೇಜಿನ ಸುತ್ತ ಕುರ್ಚಿಗಳು ಸೇರಿದ್ದವು. ವಿಭಾಗದ ಮುಖ್ಯಸ್ಥ ವೆಂಕಟರಾಮು ಮೈಸೂರಿನವರು. ಆವರೆಗೆ ಗುಡ್ ಮಾರ್ನಿಂಗ್ ಬಿಟ್ಟು ಇನ್ನೊಂದು ಮಾತಾಡಿದವರಲ್ಲ. ಅವರೇ ಎದ್ದು ಕಾಫಿ ತಂದುಕೊಟ್ಟರು.

"ಎಷ್ಟು ದಿನದಿಂದ ಇದು, ಸಾಹೇಬ್ರೆ?"

"ಎರಡು ವರ್ಷ ಆಯ್ತು," ಎಂದರು ಅಲೀಮ್, ಸಂದೇಶ ಕೇಳಿದ ಸಂತೋಷದಲ್ಲಿ.

"ನಮಗೆ ಒಂದು ಮಾತು ಹೇಳ್ಲಿಲ್ವಲ್ಲ."

"ಇದ್ರಲ್ಲಿ ಯಾರಿಗೆ ಆಸಕ್ತಿ ಇರುತ್ತೆ ಅಂತ ಸುಮ್ನಿದ್ದೆ."

ಆಸಕ್ತಿ ಎಲ್ಲರಿಗೂ ಇತ್ತು. ಇಂಥ ಕೆಲಸಕ್ಕೆ ಒಬ್ಬರೇ ಹೋಗಬಾರದೆಂದೂ, ತಮ್ಮ ವ್ಯಾನಿನಲ್ಲಿ ತಾವೇ ಡ್ರೈವ್ ಮಾಡಿಕೊಂಡು ಕರೆದೊಯ್ಯುವುದಾಗಿಯೂ ವೆಂಕಟರಾಮು ಹೇಳಿದರು. ಹೆಣ್ಣುಮಕ್ಕಳು ಒಬ್ಬರಾದರೂ ಜೊತೆಗಿರಬೇಕೆಂದು ನೀಲಗಂಗಾ ತಾವೂ ಹೊರಟರು. ಸತ್ತ ನಟನ ಹುಟ್ಟುಹಬ್ಬಕ್ಕೆ ಹೆಣ್ಣುಮಕ್ಕಳು ಯಾಕೆ ಬೇಕೋ ಅಲೀಮ್‌ಗೆ ತಿಳಿಯಲಿಲ್ಲ. ಆದರೆ ಬೇಡ ಅನ್ನುವಷ್ಟು ಜನ ಅವರನ್ನು ಎಂದೂ ಕರೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ವೆಂಕಟರಾಮು ಬಂದವರೇ ಜೇಬಿನಿಂದ ಕೂದಲ ಬಣ್ಣದ ಶೀಶೆ ತೆಗೆದು, ಅಲೀಮ್‌ರನ್ನು ಬಚ್ಚಲ ಕನ್ನಡಿಯ ಮುಂದೆ ನಿಲ್ಲಿಸಿದರು. ಸಭೆಯಲ್ಲಿ ಮಾತಾಡುವುದಿದೆಯಲ್ಲ, ಅದಕ್ಕಿರಬೇಕು ಎಂದುಕೊಂಡು ಅಲೀಮ್ ಸುಮ್ಮನೆ ನಿಂತರು. ಶೀಶೆ ಮೀಸೆಗಷ್ಟೇ ಸಾಕಾಯಿತು. ತಲೆ ಬಿಳಿ, ಮೀಸೆ ಕಪ್ಪು. ಹಿಮ ಬಿದ್ದ ಬಯಲಿನ ನಡುವೆ ಹೊಸದಾಗಿ ಟಾರು ಹಾಕಿದ ರಸ್ತೆಯಂತೆ ಕಾಣುತ್ತಿತ್ತು.

ವ್ಯಾನಿನಲ್ಲಿ ನೀಲಗಂಗಾ ತೊಡೆಯ ಮೇಲೊಂದು ದೊಡ್ಡ ಚೀಲ ಇಟ್ಟುಕೊಂಡಿದ್ದರು. ಇಂಡಿಯಾನಾ ದಾಟುವಾಗ ಅದರಿಂದ ಹಸಿರು ಗಾಜಿನ ಬಳೆ ತೆಗೆದು ಬೆಳಕಿಗೆ ಹಿಡಿದರು.

"ಆಕೀ ಕೈ ದಪ್ಪ ಅದಾವೋ, ಸಣ್ಣ ಅದಾವೋ? ಅಂದಾಜಿಲೆ ತಂದೀನಿ."

"ಯಾರ ಕೈ?"

"ಮೇರಿಯನ್‌ದು."

ಅಲೀಮ್ ಚೀಲದೊಳಗೆ ಇಣುಕಿದರು. ಬಳೆ, ಅದರ ಕೆಳಗೆ ಇಳಕಲ್ ಸೀರೆ, ಉಂಡಿಯ ಡಬ್ಬಿ, ತಮ್ಮ ಮೀಸೆ, ನಿನ್ನೆಯ ಕಾಫಿ ಎಲ್ಲವೂ ಒಟ್ಟಿಗೆ ಅರ್ಥವಾದವು. ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ವೆಂಕಟರಾಮು ತಾವು ಹೆಣ್ಣು ನೋಡಲು ಹೋಗಿ ಪಕ್ಕದ ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದ ಕತೆ ಶುರುಮಾಡಿದರು. ನೀಲಗಂಗಾ ನಗುತ್ತ ಕಣ್ಣೊರೆಸಿಕೊಂಡರು. ಹೊರಗೆ ಹೆಪ್ಪುಗಟ್ಟಿಸುವ ಚಳಿ, ಒಳಗೆ ಬೆಚ್ಚಗಿತ್ತು. ಮುಂದಿನ ಎಕ್ಸಿಟ್‌ನಲ್ಲಿ ಹೇಳೋಣ ಎಂದುಕೊಂಡರು ಅಲೀಮ್. ಎಕ್ಸಿಟ್ ಬಂತು, ಹೋಯಿತು. ಕಲಮಜೂ ಎಂಬ ಊರಲ್ಲಿ ಹೇಳೋಣ ಅಂದುಕೊಂಡರು. ಅಲ್ಲಿ ನೀಲಗಂಗಾ ಉಂಡಿ ಕೊಟ್ಟರು, ಬಾಯಿ ತುಂಬಿತ್ತು.

ಪೆಟ್ರೋಲು ಹಾಕಿಸಲು ನಿಂತಾಗ ಅಂಗಡಿಯ ಗಡಿಯಾರ ನೋಡಿ ವೆಂಕಟರಾಮು ಬೆಚ್ಚಿದರು. ಮಿಶಿಗನ್ನಿನ ಗಡಿಯಾರ ಶಿಕಾಗೋದ್ದಕ್ಕಿಂತ ಒಂದು ಗಂಟೆ ಮುಂದೆ ಓಡುತ್ತದೆಂಬುದನ್ನು ಮೂವರೂ ಮರೆತಿದ್ದರು. ಅಲ್ಲಿಂದ ವ್ಯಾನು ಹಾರಿದ್ದೇ, ಹತ್ತು ಮೈಲಿಯೊಳಗೆ ಪೊಲೀಸರು ತಡೆದರು. ಮದುಮಗನನ್ನು ಕರೆದೊಯ್ಯುತ್ತಿದ್ದೇವೆ, ಹುಡುಗಿಯ ಮನೆಯವರು ಕಾಯುತ್ತಿದ್ದಾರೆ ಎಂದು ವೆಂಕಟರಾಮು ಬೇಡಿಕೊಂಡರು. ಪೊಲೀಸಿನವನು ಕಿಟಕಿಯಲ್ಲಿ ಬಗ್ಗಿ ಹಿಂದಿನ ಸೀಟಿನ ಮೀಸೆಯನ್ನು ಬಹಳ ಹೊತ್ತು ನೋಡಿದ. ಕೊನೆಗೆ ಶುಭಾಶಯ ಹೇಳಿ ಬಿಟ್ಟುಬಿಟ್ಟ. ಈಗ ಮಿಶಿಗನ್ ಸರ್ಕಾರಕ್ಕೂ ಸುಳ್ಳು ಹೇಳಿದಂತಾಯಿತಲ್ಲ ಎಂದು ಅಲೀಮ್ ಇನ್ನಷ್ಟು ಮುದುರಿದರು.

ಡೋರಿಸ್‌ಳ ಮನೆ ತಲುಪಿದಾಗ ಎರಡೂಮುಕ್ಕಾಲು. ನಡುಮನೆಯಲ್ಲಿ ಕೇಕು, ನಾಲ್ಕು ಜನ ನೆಂಟರು, ಗೋಡೆಗೆ ಒರಗಿಸಿಟ್ಟ ಒಂದು ದೊಡ್ಡ ಫೋಟೋ. ಫೋಟೋದಲ್ಲಿ ಯಾವುದೋ ನಾಟಕದ ರಾಜನ ವೇಷ. ಅಂಟಿಸಿದ ಗಡ್ಡದ ನಡುವೆ ಎರಡು ಕಣ್ಣು ಮಾತ್ರ. ಕೆಳಗೆ 'ಮೇರಿಯನ್ ಹ್ಯಾಡ್ಲಿ, 1878–1949'. ವೆಂಕಟರಾಮು ಅದನ್ನು ಮೂರು ಸಲ ಓದಿದರು.

"ಸಾಹೇಬ್ರೆ, ಇವ್ರು ಗಂಡಸು," ಎಂದು ಪಿಸುಗುಟ್ಟಿದರು.

"ಹೌದು."

"ತೀರ್ಕೊಂಡಿದಾರೆ."

"ಹೌದು. ಹೇಳ್ಬೇಕು ಅಂತಾನೇ ಇದ್ದೆ. ಗಾಡೀಲಿ ಎಲ್ರೂ ಅಷ್ಟು ಖುಷಿಯಾಗಿದ್ರಿ."

ನೀಲಗಂಗಾ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದರು. "ಇನ್ನೂರಾ ಎಂಬತ್ತು ಮೈಲಿ ಬಂದೇವಿ," ಎಂದರು. "ಕೂಡೋಣು. ನೀವು ಮಾತಾಡ್ರಿ."

ಅಲೀಮ್ ಎದ್ದು ನಿಂತರು. ಐದು ನಿಮಿಷ ಅಂದುಕೊಂಡದ್ದು ನಲವತ್ತಾಯಿತು. ರೈಲು ಹೋದ ಮೇಲೂ ನಿಂತಿದ್ದವನ ಬಗ್ಗೆ ಹೇಳಿದರು. ಮದುವೆಯ ದೃಶ್ಯದಲ್ಲಿ ಎಲ್ಲರೂ ಕುಣಿಯುವಾಗ ಬಿದ್ದ ಹೂವನ್ನು ಎತ್ತಿ ಕೋಟಿನೊಳಗೆ ಇಟ್ಟುಕೊಂಡ ಅಡುಗೆಯವನ ಬಗ್ಗೆ ಹೇಳಿದರು. ಯಾರ ಕಣ್ಣೂ ತನ್ನ ಮೇಲಿಲ್ಲ ಎಂದು ಗೊತ್ತಿದ್ದೂ ಒಬ್ಬ ಮನುಷ್ಯ ಇಷ್ಟು ಶ್ರದ್ಧೆಯಿಂದ ಬದುಕಬಹುದು ಎಂದು ತಮಗೆ ಅವನಿಂದ ತಿಳಿಯಿತು ಎಂದರು. ನೆಂಟರಲ್ಲೊಬ್ಬ ತೂಕಡಿಸುತ್ತಿದ್ದ. ವೆಂಕಟರಾಮು ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕೊನೆಗೆ ಅಲೀಮ್ ತಾವು ತಂದಿದ್ದ ವಿಡಿಯೋ ಕ್ಯಾಸೆಟ್ ಹಾಕಿ ಪ್ಲಾಟ್‌ಫಾರಂ ದೃಶ್ಯ ತೋರಿಸಿದರು. ಉದ್ದ ಮುಖ ತೆರೆಯ ತುಂಬ ಬಂತು.

ಡೋರಿಸ್ ಕನ್ನಡಕ ಸರಿಮಾಡಿಕೊಂಡಳು. "ಇವರು ನಮ್ಮ ಸೋದರಮಾವ ಮೇರಿಯನ್ ಅಲ್ಲ," ಎಂದಳು.

ಕ್ಯಾಸೆಟ್ ಹಿಂದಕ್ಕೆ ಓಡಿಸಿದರು. ಉದ್ದ ಮುಖದವನ ಬೆನ್ನ ಹಿಂದೆ ಟೋಪಿಯೊಂದು ಟ್ರಂಕು ಹೊತ್ತು ಎಡದಿಂದ ಬಲಕ್ಕೆ ಹೋಯಿತು. ಅಗೋ, ಅದು ನಮ್ಮ ಮೇರಿಯನ್ ಎಂದು ಡೋರಿಸ್ ಬೆರಳು ತೋರಿಸಿದಳು. ಇಬ್ಬರೂ ಒಂದೇ ಸ್ಟುಡಿಯೋದ ವಾರದ ಸಂಬಳದವರಿರಬೇಕು, ಒಬ್ಬ ಇದ್ದಲ್ಲಿ ಇನ್ನೊಬ್ಬ ಇರುತ್ತಿದ್ದ. ಆದರೆ ಹೆಸರು ಹಾಕಿಸಿಕೊಳ್ಳುವಷ್ಟು ಅದೃಷ್ಟ ಮೇರಿಯನ್‌ಗೆ ಮಾತ್ರ ಇತ್ತು. ಉದ್ದ ಮುಖದವನು ಯಾರೋ ಅವಳಿಗೆ ಗೊತ್ತಿರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅಲೀಮ್ ಕ್ಷಮೆ ಕೇಳಲು ಹೋದರೆ ಡೋರಿಸ್ ಅವರ ಕೈ ಹಿಡಿದುಕೊಂಡಳು. ಮೇರಿಯನ್ ಹೆಸರನ್ನು ಇಷ್ಟು ಸಲ ಯಾರಾದರೂ ಹೇಳಿದ್ದನ್ನು ತಾನು ಕೇಳಿರಲಿಲ್ಲ. ತನಗೆ ಎಂಬತ್ತೆರಡು, ತನ್ನ ನಂತರ ಅವನ ವಸ್ತುಗಳು ಕಸಕ್ಕೆ ಹೋಗುತ್ತವೆ. ಇಟ್ಟುಕೊಳ್ಳಲು ನಿಮಗಿಂತ ಯೋಗ್ಯರು ಯಾರಿದ್ದಾರೆ ಎಂದಳು. ಬಟ್ಟೆ, ಬೂಟು, ಪತ್ರಗಳಿದ್ದ ಮೂರು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ವೆಂಕಟರಾಮು ವ್ಯಾನಿಗೆ ಹೊತ್ತು ಹಾಕಿದರು. ನೀಲಗಂಗಾ ಇಳಕಲ್ ಸೀರೆಯನ್ನು ಡೋರಿಸ್‌ಳ ಹೆಗಲ ಮೇಲೆ ಹೊದಿಸಿ ಬಂದರು.

ವಾಪಸಿನ ದಾರಿಯಲ್ಲಿ ಉಪ್ಪಿಟ್ಟಿನ ಕತೆಯ ಹಾಗೆ ಇನ್ನೊಂದು ಕತೆ ವೆಂಕಟರಾಮುಗೆ ಹೊಳೆಯಲಿಲ್ಲ. ಪೆಟ್ಟಿಗೆಗಳನ್ನು ಅಲೀಮ್‌ರ ನಡುಮನೆಯಲ್ಲಿ ಇಳಿಸಿ, ಸೋಮವಾರ ಸಿಗೋಣ ಎಂದು ಹೊರಟರು. ಯಾವ ವಿಷಯಕ್ಕೆ ಎಂದು ಇಬ್ಬರಿಗೂ ತಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಟೀವಿ ಹಾಕಲು ಮನಸ್ಸಾಗದೆ ಅಲೀಮ್ ಒಂದು ಪೆಟ್ಟಿಗೆ ಬಿಚ್ಚಿದರು. ಬೇರೆಯವನ ಬೂಟುಗಳ ಕೆಳಗೆ ಒಂದು ಲಕೋಟೆ. ಅದರೊಳಗೆ ಸ್ಟುಡಿಯೋದ ಅಂಗಳದಲ್ಲಿ ತೆಗೆದ ಗುಂಪು ಫೋಟೋ. ಒಂಬತ್ತು ಜನ ಸಾಲಾಗಿ ನಿಂತಿದ್ದರು. ಎಡದಿಂದ ಐದನೆಯದು ಆ ಉದ್ದ ಮುಖ, ಜೋತ ಕಿವಿ. ಫೋಟೋ ತಿರುಗಿಸಿದರೆ, ಹಿಂದೆ ಮೇರಿಯನ್ ಹ್ಯಾಡ್ಲಿಯ ಅಂದವಾದ ಅಕ್ಷರದಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು. ಒಬ್ಬೊಬ್ಬರ ಮುಂದೆಯೂ ಯಾರಿಗೆ ಎಷ್ಟು ಮಕ್ಕಳು, ಯಾರು ಚೆನ್ನಾಗಿ ಹಾಡುತ್ತಿದ್ದರು ಎಂದು ಒಂದೊಂದು ಸಾಲು. ಬೆರಳಿಟ್ಟು ಎಣಿಸುತ್ತ ಅಲೀಮ್ ಐದನೆಯದಕ್ಕೆ ಬಂದರು.

'ಹನ್ನೆರಡು ವರ್ಷ ಪಕ್ಕದಲ್ಲೇ ನಿಂತು ಕೆಲಸ ಮಾಡಿದೆವು. ಹೆಸರು ಕೇಳಬೇಕು ಅಂದುಕೊಂಡೇ ಇದ್ದೆ.'