ಕರಿಬೇವಿನ ಬುಡಕ್ಕೆ ಹೋದ ಇಂಜೆಕ್ಷನ್

ನನ್ನ ಹೆಂಡತಿ ಶಿರೀಷಾ ನರಸಾಪುರದ ಕಂಪನಿಯೊಂದರಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಾಳೆ. ಅಲ್ಲಿ ದಿನಕ್ಕೆಷ್ಟು ಮಾಲು ರಿಜೆಕ್ಟ್ ಮಾಡುತ್ತಾಳೋ ಗೊತ್ತಿಲ್ಲ. ಮನೆಯಲ್ಲಿ ಹನ್ನೆರಡು ವರ್ಷದಿಂದ ರಿಜೆಕ್ಟ್ ಆಗುತ್ತಿರುವ ಏಕೈಕ ಮಾಲು ನಾನು, ತಾಯಲೂರಿನ ಟೊಮೆಟೊ ಬೆಳೆಗಾರ ಚನ್ನರಾಯಪ್ಪ.

ಎರಡು ತಿಂಗಳ ಹಿಂದೆ ಕೋಲಾರದ ಮಾರ್ಕೆಟ್ಟಿನಲ್ಲಿ ಕ್ರೇಟು ಇಳಿಸಲು ಹೋಗಿ ಟೆಂಪೊದಿಂದ ನಾನೇ ಇಳಿದುಬಿಟ್ಟೆ (ತಲೆ ಕೆಳಗಾಗಿ). ಕಾಲಿಗೆ ಸಿಮೆಂಟು ಪಟ್ಟಿ, ಆರು ವಾರ ಮಂಚ. ಪಟ್ಟಿ ಬಿಚ್ಚಿದರೆ ಮೀನಖಂಡ ಸೋರೆಕಾಯಿಯಂತೆ ಊದಿತ್ತು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಹತ್ತು ದಿನ ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು ಹೊಟ್ಟೆಗೆ ಇಂಜೆಕ್ಷನ್ ಆಗಬೇಕು ಎಂದರು ಡಾಕ್ಟರು. ಶಿರೀಷಾ ಔಷಧಿ ತರಲು ಹೋದಾಗ ಇನ್ನೊಂದು ಮಾತು ಹೇಳಿದರು. ಕಾಲನ್ನು ಯಾರೂ ನೀವಬಾರದು, ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ನಾಲ್ಕು ವರ್ಷದ ಹಿಂದೆ ನಮ್ಮಣ್ಣ ದೊಡ್ಡಮುನಿಯಪ್ಪ ತೊಡೆ ಮುರಿದುಕೊಂಡು ಮಲಗಿದ್ದಾಗ ಅವನ ಕಾಲೂ ಹೀಗೇ ಊದಿತ್ತು. ಒಂದು ವಾರ ನಾನೇ ಕೂತು ಎಣ್ಣೆ ಹಚ್ಚಿ ನೀವಿದ್ದೆ. ಒಂದು ಬೆಳಿಗ್ಗೆ ಉಸಿರು ಸಿಗುತ್ತಿಲ್ಲ ಎಂದವನು ಆಂಬುಲೆನ್ಸು ಬರುವ ಮೊದಲೇ ಹೋಗಿಬಿಟ್ಟ. ಡಾಕ್ಟರ ಆ ಮಾತಿನ ಬಗ್ಗೆ ನಾನು ಮನೆಯಲ್ಲಿ ಬಾಯಿಬಿಡಲಿಲ್ಲ.

ನರ್ಸಮ್ಮ ಇಂಜೆಕ್ಷನ್ ಕಲಿಸಿದರು. ಹೊಕ್ಕುಳಿಂದ ಮೂರು ಬೆರಳಾಚೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಚರ್ಮ ಚಿವುಟಿ ಹಿಡಿದು ಸೂಜಿ ನೆಟ್ಟಗೆ ಹಾಕಬೇಕು. ಆಮೇಲೆ ಉಜ್ಜಕೂಡದು. ಕೇಳದೆ ನೋವಿನ ಮಾತ್ರೆ ನುಂಗಕೂಡದು. ವಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದರೆ ಓಡಿಬರಬೇಕು. ಸಂಜೆಯ ಉದರಭೇದನ ಮಹೋತ್ಸವವನ್ನು ಶಿರೀಷಾ ವಹಿಸಿಕೊಂಡಳು. ಬೆಳಿಗ್ಗೆ ಅವಳ ಕಂಪನಿ ಬಸ್ಸು ಐದೂವರೆಗೇ ಬರುವುದರಿಂದ ಆ ಹೊತ್ತಿನದು ನನ್ನ ಪಾಲಿಗೆ ಬಂತು.

ಮೊದಲ ಬೆಳಿಗ್ಗೆ ಸೂಜಿ ಹಿಡಿದು ಅರ್ಧ ಗಂಟೆ ಕೂತೆ. ಹೊಟ್ಟೆ ಒಳಕ್ಕೆ ಹೋಯಿತೇ ಹೊರತು ಸೂಜಿ ಹೋಗಲಿಲ್ಲ. ಕೊನೆಗೆ ಹಿತ್ತಲಿಗೆ ಕುಂಟಿ ಔಷಧವನ್ನೆಲ್ಲ ಕರಿಬೇವಿನ ಬುಡಕ್ಕೆ ಬಿಟ್ಟು, ಖಾಲಿ ಸಿರಿಂಜನ್ನು ನರ್ಸಮ್ಮ ಹೇಳಿದಂತೆ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿದೆ. ಸಂಜೆ ಶಿರೀಷಾ ಡಬ್ಬಿ ಎಣಿಸಿ ‘ಪಾಸ್’ ಅಂದಳು. ಮದುವೆಯಾದಾಗಿನಿಂದ ನಾನು ಪಾಸಾದದ್ದು ಅದೇ ಮೊದಲು. ಮರುದಿನವೂ ಪಾಸಾದೆ.

ಮೂರನೆಯ ದಿನ ಹಿತ್ತಲಲ್ಲಿ ನಮ್ಮತ್ತಿಗೆ ವೆಂಕಟರತ್ನಮ್ಮ ಇದ್ದಳು, ಅಣ್ಣ ಹೋದ ಮೇಲೂ ನಮ್ಮೊಂದಿಗೇ ಇರುವ ಅವನ ಹೆಂಡತಿ. ಕಸ ಗುಡಿಸುವುದನ್ನು ನಿಲ್ಲಿಸಿ ಕರಿಬೇವಿನ ಬುಡಕ್ಕೆ ಬಗ್ಗಿಸಿದ್ದ ನನ್ನ ಕೈಯ ಸಿರಿಂಜನ್ನೇ ನೋಡಿದಳು.

“ನಿಮ್ಮಣ್ಣನ್ಗೆ ಇದು ಸಿಗ್ಲಿಲ್ಲ ಕಣಪ್ಪ,” ಅಂದಳು. “ನಿನ್ಗೆ ಸಿಕ್ಕೈತೆ, ಮಣ್ಣಿಗೆ ಹಾಕ್ತಿದೀಯ.”

ನನ್ನ ಬಾಯಿಂದ ತಾನಾಗಿಯೇ ಹೊರಟಿತು: “ಅವನ ಕಾಲು ನೀವಿದ್ದು ನಾನು, ಅತ್ತಿಗೆ. ನೀವಬಾರದಿತ್ತಂತೆ.”

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು.

“ಎಣ್ಣೆ ಕಾಯ್ಸಿ ಕೊಟ್ಟಿದ್ದು ನಾನಲ್ವಾ?” ಅಂದಳು. “ಇಬ್ಬರ್ಗೂ ಗೊತ್ತಿರ್ಲಿಲ್ಲ. ಈಗ ಗೊತ್ತೈತಲ್ಲ, ಚುಚ್ಕೋ.”

ಮೊದಲು ನರ್ಸಮ್ಮನಿಗೆ ಫೋನು ಮಾಡಿಸಿದಳು. ಅವರು ಸರಿಯಾಗಿ ಬೈದು, ತಪ್ಪಿದ್ದಕ್ಕೆ ಸೇರಿಸಿ ಎರಡು ಹಾಕಬೇಡಿ, ಈ ಹೊತ್ತಿನದು ಒಂದೇ ಹಾಕಿ, ಮಧ್ಯಾಹ್ನವೇ ಬಂದು ತೋರಿಸಿ ಎಂದರು. ನಾನು ಜಗಲಿಯಲ್ಲಿ ಕೂತು ಚರ್ಮ ಚಿವುಟಿ ಹಿಡಿದೆ. ಸೂಜಿ ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ನನ್ನ ಕೈಯಿಂದಲೇ ಹಾಕಿಕೊಳ್ಳುವುದೂ ಇಷ್ಟೇನಾ ಅನ್ನಿಸಿತು. ಇಷ್ಟರಲ್ಲೇ ಅಣ್ಣ ಉಳಿಯಬಹುದಿತ್ತೇನೋ ಅನ್ನಿಸಿದ್ದೇ ತಡ, ಅಳು ಒತ್ತರಿಸಿ ಬಂತು. ಅಂಗಿ ಎತ್ತಿಕೊಂಡು ಹೊಟ್ಟೆಯಲ್ಲಿ ಸೂಜಿ ಇಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತೆ. ಅತ್ತಿಗೆ ಕಂಬಕ್ಕೊರಗಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಮೊಸರಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದ ಪಕ್ಕದ ಮನೆಯ ಅಶ್ವತ್ಥಮ್ಮ (ನನ್ನಲ್ಲಿದ್ದ ಹೆಪ್ಪು ಅವಳಿಗೆ ಉಪಯೋಗವಿರಲಿಲ್ಲ) ಈ ದೃಶ್ಯವನ್ನು ಕಣ್ತುಂಬ ನೋಡಿ, ಸದ್ದಿಲ್ಲದೆ ಹಿಂದಿರುಗಿದಳು. ಸಂಜೆ ಶಿರೀಷಾ ಬಸ್ಸಿಳಿಯುವ ಮೊದಲೇ ಸುದ್ದಿ ಬಸ್ಸು ಹತ್ತಿತ್ತು.

“ಉಗುರುದ್ದ ಸೂಜಿಗೆ ಬೀದಿ ಕೇಳೋಂಗೆ ಅತ್ರಂತೆ?” ಅಂದಳು.

ನಾನು ಅತ್ತಿಗೆಯ ಮುಖ ನೋಡಿದೆ. ಕರಿಬೇವಿನ ಸಂಗತಿ ಒಪ್ಪಿಕೊಂಡೆ, ಬೈಸಿಕೊಂಡೆ. ಅತ್ತ ಕಾರಣ ಕೇಳಿದ್ದಕ್ಕೆ ಮಾತ್ರ, “ಹೌದು, ತುಂಬ ನೋವಾಯ್ತು,” ಅಂದೆ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಶ್ವತ್ಥಮ್ಮ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಒಬ್ಬಳು ನನ್ನ ಭುಜ ಹಿಡಿದಳು, ಒಬ್ಬಳು ತಲೆ ಸವರಿದಳು, ಅಶ್ವತ್ಥಮ್ಮ ನನ್ನ ಬಾಯಿಗೆ ಬೆಲ್ಲದ ಚೂರು ಇಟ್ಟಳು.