ಹಿತ್ತಲಿನ ಟೆಸ್ಟ್ ಬೆಡ್

"ಇನ್ನು ಮೇಲೆ ಈ ಮನೇಲಿ ಕರೆಂಟ್ ಹೋಗೋ ಪ್ರಶ್ನೆಯೇ ಇಲ್ಲ" ಎಂದು ಚಂದ್ರಶೇಖರಯ್ಯನವರು ಘೋಷಿಸಿದಾಗ ಅವರ ಹೆಂಡತಿ ಸಂಗಮ್ಮ ಸೊಪ್ಪು ಬಿಡಿಸುತ್ತಿದ್ದರು.

"ಬೀದಿಗೆಲ್ಲ ಹೋಗುತ್ತೆ, ನಮ್ಮನೆಗೆ ಮಾತ್ರ ಹ್ಯಾಗ್ರೀ ಹೋಗಲ್ಲ?"

"ಜನರೇಟರ್ ತರ್ತೀನಿ. ನನ್ನನ್ನ ಯಾರು ಅಂದ್ಕೊಂಡಿದ್ದೀಯ?"

ಯಾರೆಂದು ವಿಮಾನಪುರಕ್ಕೆಲ್ಲ ಗೊತ್ತಿತ್ತು. ಮೂವತ್ತನಾಲ್ಕು ವರ್ಷ ವಿಮಾನ ಕಾರ್ಖಾನೆಯ ಟೆಸ್ಟ್ ಬೆಡ್‌ನಲ್ಲಿ, ಅಂದರೆ ಎಂಜಿನ್ ಓಡಿಸಿ ಪರೀಕ್ಷೆ ಮಾಡುವ ಕೋಣೆಯಲ್ಲಿ, ಕೂತು ಎದ್ದು ನಿವೃತ್ತರಾದ ಇನ್‌ಸ್ಪೆಕ್ಟರ್ ಅವರು. ದೋಷ ಕಂಡ ಭಾಗಕ್ಕೆ ಕೆಂಪು ಚೀಟಿ ಕಟ್ಟುವುದು ಅವರ ಕಸುಬು. ಚೀಟಿಯಲ್ಲಿ ಎರಡೇ ಸಾಲು: 'ದೋಷವೇನು', 'ಸರಿಪಡಿಸಬಹುದೇ'. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರದೆ, ಅದೇ ಮಾದರಿಯಲ್ಲಿ ಒಂದು ಕಟ್ಟು ಚೀಟಿ ಅಚ್ಚು ಹಾಕಿಸಿಕೊಂಡು ಬಂದು ಮನೆಯ ಕುಕ್ಕರಿಗೆ, ಮಿಕ್ಸಿಗೆ, ಒಮ್ಮೆ ಪಕ್ಕದ ಮನೆ ಶ್ರೀರಾಮಪ್ಪನವರ ಸ್ಕೂಟರಿಗೂ ಕಟ್ಟಿದ್ದರು. ಶ್ರೀರಾಮಪ್ಪನವರು ಆಮೇಲೆ ಎರಡು ತಿಂಗಳು ಮಾತು ಬಿಟ್ಟಿದ್ದರು.

ಈ ಸಲ ಅವರ ಹುರುಪಿಗೆ ಕಾರಣವಿತ್ತು. ಸಂಗಮ್ಮ ಮದುವೆಗೆ ಮುಂಚೆ ಹರಿಹರದಲ್ಲಿ ಹಂಪಣ್ಣ ಮೇಷ್ಟ್ರ ಹತ್ತಿರ ವಚನ ಗಾಯನ ಕಲಿತಿದ್ದರು. ಮದುವೆಯಾಗಿ ಇಲ್ಲಿಗೆ ಬಂದರೆ, ಗಂಡನಿಗೆ ರಾತ್ರಿ ಪಾಳಿ. ಹಗಲೆಲ್ಲ ಆತ ಮಲಗಿರಬೇಕು, ಮನೆಯಲ್ಲಿ ಲೋಟ ಬಿದ್ದರೂ ತಪ್ಪು. ಆಕೆ ಬಾಯಿ ಕಟ್ಟಿಕೊಂಡೇ ಮೂವತ್ತು ವರ್ಷ ಕಳೆದರು. ಈಗ ಮೇಷ್ಟ್ರಿಗೆ ಎಂಬತ್ತೆಂಟು. ಅವರ ಶಿಷ್ಯರೆಲ್ಲ ಸೇರಿ ಭಾನುವಾರಕ್ಕೊಬ್ಬರಂತೆ ಆನ್‌ಲೈನಿನಲ್ಲಿ ಅವರೆದುರು ಹಾಡುವುದೆಂದು ಗೊತ್ತುಮಾಡಿಕೊಂಡಿದ್ದರು. ಬರುವ ಭಾನುವಾರ ಹನ್ನೊಂದಕ್ಕೆ ಸಂಗಮ್ಮನವರ ಸರದಿ. ಅದೇ ಭಾನುವಾರ ಹತ್ತರಿಂದ ನಾಲ್ಕರ ತನಕ ಕರೆಂಟ್ ಇರೋದಿಲ್ಲ ಅಂತ ಮೊಬೈಲಿಗೆ ಸಂದೇಶ ಬಂದಿತ್ತು.

"ಅಪ್ಪಾ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಕೊಂಡ್ರೆ ಆಯ್ತು. ನೆಟ್ ನನ್ನ ಮೊಬೈಲಿಂದ ಕೊಡ್ತೀನಿ" ಎಂದಳು ಮಗಳು ಶಿವಾನಿ.

"ನಿಮ್ಮಮ್ಮ ಮೂವತ್ತು ವರ್ಷಕ್ಕೊಂದ್ಸಲ ಹಾಡ್ತಿರೋದು. ಮೊಬೈಲ್ ನಂಬ್ಕೊಂಡು ಕೂರೋಕಾಗುತ್ತಾ?"

ಅವರ ಮಾತಿನಲ್ಲಿ ಪ್ರೀತಿಯಿತ್ತು, ಇಲ್ಲವೆನ್ನುವಂತಿಲ್ಲ. ಆ ಪ್ರೀತಿಯನ್ನು ಹೊತ್ತುಕೊಂಡೇ ಅವರು ಶಿವಾಜಿನಗರಕ್ಕೆ ಹೋದರು. ಅಲ್ಲಿ ಹಳೇ ಯಂತ್ರಗಳ ವ್ಯಾಪಾರಿ ಕರೀಂ, ಅವರು ಬೆರಳು ತೋರಿಸಿದ ಡೀಸೆಲ್ ಜನರೇಟರನ್ನು ಚಾಲೂ ಮಾಡಿ ತೋರಿಸಿದ. ಎದುರಿನ ಅಂಗಡಿಯ ಗಾಜಿನ ಬಾಗಿಲು ಗಡಗಡ ಅಂದಿತು.

"ಸಾರ್, ಇದು ಶಾದಿಮಹಲ್‌ಗೆ ಹೋಗ್ತಿದ್ದ ಗಾಡಿ. ಮನೆಗೆ ಬೇಡ. ಸೌಂಡ್ ಭಾಳ ಐತೆ."

ಚಂದ್ರಶೇಖರಯ್ಯನವರು ಬಗ್ಗಿ ಕಿವಿಗೊಟ್ಟರು. "ಎಲ್ಲಪ್ಪಾ ಸೌಂಡು? ಹೊಲಿಗೆ ಮಿಷನ್ ಥರ ಇದೆ."

ಜೆಟ್ ಎಂಜಿನ್‌ಗಳ ಪಕ್ಕದಲ್ಲಿ ಸವೆದ ಕಿವಿ ಅದು. ಮನೆಯಲ್ಲಿ ಸಂಗಮ್ಮ ಪ್ರತಿಯೊಂದನ್ನೂ ಎರಡೆರಡು ಸಲ ಹೇಳುತ್ತಿದ್ದರು. ಕರೀಂ ಕನಿಕರದಿಂದ ಅದನ್ನು ಟೆಂಪೋಗೆ ಹೇರಿಸಿಕೊಟ್ಟ.

ಜನರೇಟರ್ ಹಿತ್ತಲಿನಲ್ಲಿ, ಒಗೆಯೋ ಕಲ್ಲಿನ ಪಕ್ಕ, ದೇವರಮನೆ ಕಿಟಕಿಯ ಕೆಳಗೆ ಪ್ರತಿಷ್ಠಾಪನೆಯಾಯಿತು. ಸಂಗಮ್ಮ ಹಾಡಲು ಕೂರುವುದೂ ದೇವರಮನೆಯಲ್ಲೇ. ಹಿತ್ತಲಿನಲ್ಲಿ ಬೇರೆ ಜಾಗವಿರಲಿಲ್ಲ, ಅವರಿಗೂ ಮನೆಯಲ್ಲಿ ಬೇರೆ ಜಾಗ ಹಿಡಿಸುತ್ತಿರಲಿಲ್ಲ.

ಭಾನುವಾರ, ಸಂದೇಶದಲ್ಲಿ ಹೇಳಿದ್ದಂತೆ ಹತ್ತಕ್ಕೆ ಕರೆಂಟ್ ಹೋಗಲಿಲ್ಲ. ಹತ್ತೂವರೆಗೂ ಹೋಗಲಿಲ್ಲ. ಚಂದ್ರಶೇಖರಯ್ಯನವರು ಬಲ್ಬನ್ನೇ ದಿಟ್ಟಿಸುತ್ತ, ಬಾರದ ಬೀಗರಿಗೆ ಕಾಯುವವರ ಹಾಗೆ ನಿಂತಿದ್ದರು. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಕರೆಂಟ್ ಹೋಯಿತು. ಅವರ ಮುಖ ಅರಳಿತು.

ಕಾರ್ಖಾನೆಯ ನಿಯಮ ಅವರಿಗೆ ಬಾಯಿಪಾಠ. ಎಂಜಿನ್ ಓಡುವಾಗ ಟೆಸ್ಟ್ ಬೆಡ್ಡಿಗೆ ಯಾರೂ ಕಾಲಿಡಕೂಡದು: ಅಡುಗೆಮನೆಯ ಹಿಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರು, ಪಕ್ಕದ ಓಣಿಯ ಗೇಟಿಗೆ ಬೀಗ ಜಡಿದು ಬೀಗದಕೈ ಜೇಬಿಗಿಳಿಸಿದರು. ಕಿವಿಗೆ ಮುಚ್ಚಳ ಕಡ್ಡಾಯ: ದಪ್ಪನೆಯದನ್ನೇ ಏರಿಸಿದರು. ಕಣ್ಣು ಮೀಟರಿನ ಮೇಲೇ ಇರಬೇಕು: ಮನೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತರು. ಒಮ್ಮೆ ಚಾಲೂ ಮಾಡಿದರೆ ನಲವತ್ತು ನಿಮಿಷ ಓಡಿಸಲೇಬೇಕು, ಐದೈದು ನಿಮಿಷಕ್ಕೆ ಪುಸ್ತಕದಲ್ಲಿ ಬರೆಯಲೇಬೇಕು. ಜನರೇಟರ್ ಚಾಲೂ ಆಯಿತು. ಶ್ರೀರಾಮಪ್ಪನವರ ತೆಂಗಿನ ಮರದಿಂದ ಕಾಗೆಗಳೆಲ್ಲ ಎದ್ದು ಹಾರಿದವು.

ಒಳಗೆ ಸಂಗಮ್ಮ ಕಣ್ಣು ಮುಚ್ಚಿ ಮೊದಲ ವಚನ ಎತ್ತಿಕೊಂಡಿದ್ದರು. ಎತ್ತಿಕೊಂಡದ್ದು ಅವರಿಗೇ ಕೇಳಿಸಲಿಲ್ಲ. ನಾಲ್ಕು ನಿಮಿಷಕ್ಕೆ ಬೀದಿಗೆ ಕರೆಂಟ್ ಬಂತು, ಶ್ರೀರಾಮಪ್ಪನವರ ಮನೆಯ ಟಿವಿ ಚಾಲೂ ಆದದ್ದು ಕಿಟಕಿಯಲ್ಲಿ ಕಂಡಿತು. ಶಿವಾನಿ ಹಿಂಬಾಗಿಲಿಗೆ ಓಡಿದಳು, ಬಡಿದಳು, ಒದ್ದಳು. ಮುಂಬಾಗಿಲಿಂದ ಸುತ್ತಿ ಬಂದರೆ ಗೇಟಿಗೆ ಬೀಗ. ಕೊನೆಗೆ ಅಡುಗೆಮನೆಯ ಕಿಟಕಿಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯತೊಡಗಿದಳು.

ಪುಸ್ತಕದಲ್ಲಿ ಇನ್ನೂ ಇದೆ, ಯಾರು ಬೇಕಾದರೂ ನೋಡಬಹುದು:

'೧೧.೧೫. ಓಟ ತೃಪ್ತಿಕರ.

೧೧.೨೦. ಚಮಚ ಒಂದು ಬಿತ್ತು. ಕಂಪನ ಕಾರಣವಿರಬಹುದು.

೧೧.೨೫. ಸೌಟು. ಲಟ್ಟಣಿಗೆ. ಕಂಪನ ಹೆಚ್ಚುತ್ತಿದೆ. ಗಮನಿಸಬೇಕು.'

ಸಂಗಮ್ಮ ನಿಲ್ಲಿಸಬಹುದಿತ್ತು. ಆದರೆ ಪರದೆಯ ಮೇಲೆ ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಕಿವಿಗೆ ಕೈ ಅಡ್ಡ ಇಟ್ಟುಕೊಂಡು, ಮುಂದಕ್ಕೆ ಬಾಗಿ ಕೂತಿದ್ದರು. ಅವರು ಅಷ್ಟು ಹೊತ್ತು ಕೂತಿರುವಾಗ ತಾನು ಹೇಗೆ ಏಳುವುದು? ಆಕೆ ಇನ್ನೂ ಗಟ್ಟಿಯಾಗಿ ಹಾಡಿದರು. ಗಂಟಲು ಕಟ್ಟಿತು. ಕಟ್ಟಿದ ಗಂಟಲಲ್ಲೇ ಕೊನೆಯ ವಚನವನ್ನೂ ಮುಗಿಸಿದರು.

ನಲವತ್ತು ನಿಮಿಷವಾದ ಮೇಲೆ ಚಂದ್ರಶೇಖರಯ್ಯನವರು ಜನರೇಟರ್ ನಿಲ್ಲಿಸಿ, ಕಿವಿಯ ಮುಚ್ಚಳ ತೆಗೆದು, ಚಿಲಕ ಸರಿಸಿ, ಕೈಯಲ್ಲಿ ಸೌಟು ಲಟ್ಟಣಿಗೆ ಹಿಡಿದು ಗೆದ್ದವರ ಹಾಗೆ ಒಳಗೆ ಬಂದರು.

"ನೋಡಿದ್ಯಾ? ಒಂದೇ ಒಂದು ಸಲ ಕಡಿತ ಆಗ್ಲಿಲ್ಲ. ಹ್ಯಾಗಿತ್ತು?"

ಅಷ್ಟರಲ್ಲಿ ಮೇಷ್ಟ್ರ ಫೋನ್ ಬಂತು. ಶಿವಾನಿ ಸ್ಪೀಕರಿಗೆ ಹಾಕಿದಳು. ಅಪ್ಪನಿಗೂ ಕೇಳಲಿ ಎಂದು ಪೂರ್ತಿ ಜೋರು ಮಾಡಿದಳು.

"ಸಂಗಮ್ಮಾ, ಶ್ರುತಿ ಭಾಳ ಗಟ್ಟಿ ಇತ್ತವ್ವಾ. ಒಂದು ಕೂದಲೆಳೆ ಅಲ್ಲಾಡಲಿಲ್ಲ. ಹಾಡು ಯಾವಾಗ ಶುರು ಮಾಡ್ತೀ ಅಂತ ಕಾಯ್ತಾ ಕುಂತಿದ್ದೆ. ಇಷ್ಟೊತ್ತಾತು, ಇನ್ನು ಕುಂದ್ರಾಕ ಆಗಲ್ಲ. ಮಲಗ್ತೀನಿ."

ಚಂದ್ರಶೇಖರಯ್ಯನವರಿಗೆ ಈ ಮಾತು ಒಂದೇ ಸಲಕ್ಕೆ ಕೇಳಿಸಿತು. ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೋ ತೋಚಲಿಲ್ಲ.

"ಸಂಗೂ, ನಾನು ನಿನಗೋಸ್ಕರವೇ..."

ಸಂಗಮ್ಮ ಏನೋ ಹೇಳಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ಎದ್ದು ಹೋಗಿ ಮೇಜಿನ ಖಾನೆಯಿಂದ ಒಂದು ಕೆಂಪು ಚೀಟಿ ತೆಗೆದು, ಬರೆದು, ತಂದು ಗಂಡನ ಅಂಗಿಯ ಎದೆಗುಂಡಿಗೆ ಕಟ್ಟಿದರು. ಗಂಟು ಬಿಗಿಯಾಗಿಯೇ ಬಿತ್ತು. ಕುಕ್ಕರಿಗೆ, ಮಿಕ್ಸಿಗೆ ಅವರು ಕಟ್ಟುವುದನ್ನು ನೋಡಿ ಕಲಿತದ್ದಲ್ಲವೇ.

ಅವರು ತಲೆ ಬಗ್ಗಿಸಿ ಓದಿಕೊಂಡರು. 'ದೋಷವೇನು' ಎಂಬಲ್ಲಿ 'ಕಿವಿ' ಎಂದಿತ್ತು. 'ಸರಿಪಡಿಸಬಹುದೇ' ಎಂಬ ಸಾಲನ್ನು ಆಕೆ ಖಾಲಿ ಬಿಟ್ಟಿದ್ದರು. ತಮ್ಮ ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ, ಗುಜರಿಗೆ ಹಾಕುವ ಭಾಗಕ್ಕೂ ಚಂದ್ರಶೇಖರಯ್ಯನವರು ಆ ಸಾಲನ್ನು ಖಾಲಿ ಬಿಟ್ಟವರಲ್ಲ.